ಒಂದೇ ಸಂಬಳ, ಎರಡು ದಾರಿ: ಸ್ಟೀವ್ ಕೆರ್ ಕೋಚ್ ಆದ ಪ್ರಕರಣ

2014ರ ಬೇಸಿಗೆಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಇಬ್ಬರು ಮಾಜಿ ಆಟಗಾರರು ಹೆಚ್ಚೂಕಡಿಮೆ ಒಂದು ತಿಂಗಳ ಅಂತರದಲ್ಲಿ ಕೋಚ್ ಆದರು. ಮೇ ತಿಂಗಳಲ್ಲಿ ಸ್ಟೀವ್ ಕೆರ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಸೇರಿದರು. ಜೂನ್‌ನಲ್ಲಿ ಡೆರೆಕ್ ಫಿಶರ್ ನ್ಯೂಯಾರ್ಕ್ ನಿಕ್ಸ್ ಸೇರಿದರು. ಇಬ್ಬರೂ ಆಟಗಾರರಾಗಿ ತಲಾ 5 ಸಲ ಚಾಂಪಿಯನ್ ಆದವರು. ಹೆಡ್ ಕೋಚ್ ಕೆಲಸ ಇಬ್ಬರಿಗೂ ಹೊಸದು. ವರದಿಯಾದ ಒಪ್ಪಂದವೂ ಒಂದೇ: 5 ವರ್ಷಕ್ಕೆ 2.5 ಕೋಟಿ ಡಾಲರ್. ಮರುವರ್ಷವೇ ಕೆರ್ ತಂಡ ಚಾಂಪಿಯನ್ ಆಯಿತು. ಫಿಶರ್ ಅವರನ್ನು 2016ರ ಫೆಬ್ರವರಿಯಲ್ಲಿ ನಿಕ್ಸ್ ತೆಗೆದುಹಾಕಿತು.

ನಾನು ಬೆಂಗಳೂರಿನಲ್ಲಿ ತೆರಿಗೆ ಲೆಕ್ಕ ನೋಡುವ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬಿಟ್ಟು ಈಗ ಮಕ್ಕಳಿಗೆ ಕಲಿಸುತ್ತಿರುವವರೂ ಇದ್ದಾರೆ. ಆಟ ಮುಗಿದ ಮೇಲೆ ದುಡ್ಡು ಹೇಗೆ, ಕೋಚಿಂಗ್‌ನಲ್ಲಿ ಬದುಕೋಕೆ ಆಗುತ್ತಾ ಅನ್ನೋದು ಅವರೆಲ್ಲರ ಪ್ರಶ್ನೆ. ಅವರ ಜೊತೆ ಮಾತಾಡುವಾಗ ನಾನು ಪದೇ ಪದೇ ಹೋಗಿ ನಿಲ್ಲುವುದು ಕೆರ್ ಅವರ ಕಥೆಯ ಹತ್ತಿರ. ಅಲ್ಲಿನ ಮೊತ್ತಗಳಿಗೂ ನಮ್ಮ ಮೊತ್ತಗಳಿಗೂ ಹೋಲಿಕೆಯೇ ಇಲ್ಲ, ನಿಜ. ಆದರೆ ಆಟದಲ್ಲಿ ದುಡಿದ ದುಡ್ಡು ಒಬ್ಬ ಮನುಷ್ಯನಿಗೆ ಏನು ಮಾಡಿಕೊಡಬಹುದು ಅನ್ನೋದನ್ನ ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ. ಕೆರ್ ಆಟದ ದುಡ್ಡಿನಿಂದ ಕುಬೇರರಾಗಲಿಲ್ಲ. ಆ ದುಡ್ಡು ಅವರಿಗೆ 11 ವರ್ಷ ಟೈಮ್ ಕೊಟ್ಟಿತು. ಕೋಚ್ ಆಗಿ ಬಂದ ದೊಡ್ಡ ದುಡ್ಡಿನ ಬೇರು ಆ 11 ವರ್ಷದಲ್ಲಿದೆ.

ಆಟಗಾರನ ಲೆಕ್ಕ

ಕೆರ್ ಹುಟ್ಟಿದ್ದು 1965ರಲ್ಲಿ, ಲೆಬನಾನಿನ ಬೈರೂತ್‌ನಲ್ಲಿ. ತಂದೆ ಮಾಲ್ಕಮ್ ಕೆರ್ ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದರು. 1984ರ ಜನವರಿಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಮಗ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ಎರಡು ವರ್ಷದ ನಂತರ, 1986ರಲ್ಲಿ, ಸ್ಪೇನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಂಡಿ ಮುರಿದುಕೊಂಡು ಒಂದು ಪೂರ್ತಿ ಸೀಸನ್ ಕಳೆದುಕೊಂಡರು. ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದಕ್ಕೆ ಅಲ್ಲಿ ಡ್ರಾಫ್ಟ್ ಅನ್ನುತ್ತಾರೆ. 1988ರ ಡ್ರಾಫ್ಟ್‌ನಲ್ಲಿ ಫೀನಿಕ್ಸ್ ಸನ್ಸ್ ಅವರನ್ನು ತೆಗೆದುಕೊಂಡಿದ್ದು ಎರಡನೇ ಸುತ್ತಿನಲ್ಲಿ, 50ನೇ ಆಯ್ಕೆಯಾಗಿ. ಎರಡನೇ ಸುತ್ತಿನಲ್ಲಿ ಆಯ್ಕೆಯಾದವನಿಗೆ ತಂಡದಲ್ಲಿ ಜಾಗ ಸಿಗುವ ಭರವಸೆಯೇ ಇರುವುದಿಲ್ಲ.

ಅಲ್ಲಿಂದ 15 ಸೀಸನ್. ಫೀನಿಕ್ಸ್, ಕ್ಲೀವ್‌ಲ್ಯಾಂಡ್, ಒರ್ಲಾಂಡೊ, ಚಿಕಾಗೊ, ಸ್ಯಾನ್ ಆಂಟೋನಿಯೊ, ಪೋರ್ಟ್‌ಲ್ಯಾಂಡ್, ಮತ್ತೆ ಸ್ಯಾನ್ ಆಂಟೋನಿಯೊ. ತುಂಬ ಎತ್ತರ ಇಲ್ಲ, ವೇಗ ಇಲ್ಲ. ಬಹುಪಾಲು ಬೆಂಚ್‌ನಿಂದ ಎದ್ದು ಬಂದು ಆಡುತ್ತಿದ್ದರು. ಆದರೆ ದೂರದಿಂದ ಹೊಡೆದರೆ ಚೆಂಡು ಬುಟ್ಟಿಯಲ್ಲೇ ಬೀಳುತ್ತಿತ್ತು. ದೂರದ ಗೆರೆಯ ಆಚೆಯಿಂದ ಹೊಡೆಯುವ ತ್ರೀ ಪಾಯಿಂಟ್ ಹೊಡೆತಗಳಲ್ಲಿ ಅವರ ಒಟ್ಟು ಸರಾಸರಿ 45.4%. ಅದು ಎನ್‌ಬಿಎ ಇತಿಹಾಸದ ದಾಖಲೆ.

1997ರ ಫೈನಲ್‌ನ 6ನೇ ಪಂದ್ಯದ ಕೊನೆಯ ಗಳಿಗೆಗಳನ್ನು ನೋಡಿಲ್ಲದವರು ಒಮ್ಮೆ ನೋಡಿ. ಚಿಕಾಗೊ ಬುಲ್ಸ್ ಮತ್ತು ಯೂಟಾ ಜಾಜ್ 86-86 ಸಮಬಲ. ಟೈಮ್‌ಔಟ್‌ನಲ್ಲಿ ಮೈಕೆಲ್ ಜೋರ್ಡನ್ ಪಕ್ಕದಲ್ಲಿ ಕೂತ ಕೆರ್ ಕಡೆ ತಿರುಗಿ, ಯೂಟಾದ ಸ್ಟಾಕ್‌ಟನ್ ನನ್ನ ಮೇಲೆ ಬೀಳ್ತಾನೆ, ಚೆಂಡು ನಿನಗೆ ಬರುತ್ತೆ ಅಂತ ಎಚ್ಚರಿಸುತ್ತಾರೆ. ಆದದ್ದೂ ಹಾಗೆಯೇ. ಜೋರ್ಡನ್ ಮೇಲೆ ಇಬ್ಬರು ಬಿದ್ದರು, ಚೆಂಡು ಕೆರ್ ಕೈಗೆ ಬಂತು, ಫ್ರೀ ಥ್ರೋ ಗೆರೆಯ ಹತ್ತಿರದಿಂದ ಹೊಡೆದರು. 88-86. ಬುಲ್ಸ್ 90-86ರಿಂದ ಗೆದ್ದು ಚಾಂಪಿಯನ್ ಆಯಿತು. ಇಡೀ ರಾತ್ರಿ ಒಂದೇ ಚೆಂಡಿಗಾಗಿ ಕಾದು, ಅದು ಬಂದಾಗ ಕೈ ನಡುಗದೆ ಹೊಡೆಯುವುದು. ಕೆರ್ ಅವರ ಆಟದ ಬದುಕೆಲ್ಲ ಇದೇ. 2003ರಲ್ಲೂ ಅಷ್ಟೆ. 37 ವಯಸ್ಸಿನಲ್ಲಿ, ಆ ಸೀಸನ್ ಬಹುಪಾಲು ಬೆಂಚ್‌ನಲ್ಲೇ ಕೂತಿದ್ದವರು, ಡಲ್ಲಾಸ್ ವಿರುದ್ಧದ ಪಶ್ಚಿಮ ವಿಭಾಗದ ಫೈನಲ್ ಸರಣಿಯ 6ನೇ ಪಂದ್ಯದಲ್ಲಿ ಎದ್ದು ಬಂದು ನಾಲ್ಕು ತ್ರೀ ಹೊಡೆದು ಪಂದ್ಯದ ದಿಕ್ಕನ್ನೇ ಬದಲಿಸಿದರು. ಆ ವರ್ಷ ಸ್ಯಾನ್ ಆಂಟೋನಿಯೊ ಗೆದ್ದ ಕಪ್ ಅವರ 5ನೆಯದು. ಅದರ ಬೆನ್ನಿಗೇ ನಿವೃತ್ತಿ.

ಇಷ್ಟೆಲ್ಲ ಆಡಿ ಸಿಕ್ಕ ಸಂಬಳ 15 ಸೀಸನ್‌ಗೆ ಒಟ್ಟು ಸುಮಾರು 1.6 ಕೋಟಿ ಡಾಲರ್. ಕೇಳೋಕೆ ದೊಡ್ಡದು. ಆದರೆ ಜೋರ್ಡನ್ 1997-98ರ ಒಂದೇ ಸೀಸನ್‌ಗೆ ತೆಗೆದುಕೊಂಡಿದ್ದು 3.3 ಕೋಟಿ ಡಾಲರ್. ಅಂದರೆ ಒಂದೇ ತಂಡದಲ್ಲಿ, ಒಂದೇ ಬೆಂಚಿನಲ್ಲಿ ಕೂತವರಲ್ಲಿ ಒಬ್ಬರ ಒಂದು ವರ್ಷ ಇನ್ನೊಬ್ಬರ ಇಡೀ ಬದುಕಿನ ಎರಡರಷ್ಟು.

ಇನ್ನು ಕೈಗೆ ಬಂದದ್ದು ಎಷ್ಟು? ಫೆಡರಲ್ ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ತೆರಿಗೆ ಮೊದಲು. ರಾಜ್ಯದ ತೆರಿಗೆ ಬೇರೆ. ಆಟಗಾರ ಬೇರೆ ರಾಜ್ಯಕ್ಕೆ ಹೋಗಿ ಆಡಿದರೆ ಅಷ್ಟು ದಿನದ ಸಂಬಳದ ಮೇಲೆ ಆ ರಾಜ್ಯವೂ ತೆರಿಗೆ ಕೇಳುತ್ತದೆ. ಅದನ್ನು ಅಲ್ಲಿ ಜಾಕ್ ಟ್ಯಾಕ್ಸ್ ಅನ್ನುತ್ತಾರೆ. ಮೇಲೆ ಏಜೆಂಟ್ ಕಮಿಷನ್. ಎಲ್ಲ ಕಳೆದರೆ ಅರ್ಧದ ಆಸುಪಾಸು ಉಳಿದರೆ ಹೆಚ್ಚು. ಅದೂ ಒಂದೇ ಸಲ ಬಂದದ್ದಲ್ಲ, 15 ವರ್ಷಕ್ಕೆ ಹರಡಿ ಬಂದದ್ದು. ಜೊತೆಗೆ ಮೂರು ಮಕ್ಕಳ ಸಂಸಾರ, ಪದೇ ಪದೇ ಊರು ಬದಲಾವಣೆ. ಎನ್‌ಬಿಎ ಆಟಗಾರರಿಗೆ ಪಿಂಚಣಿ ಇದೆ. 3 ವರ್ಷ ಆಡಿದರೆ ಹಕ್ಕು ಬರುತ್ತದೆ, ಪೂರ್ತಿ ಮೊತ್ತ ಬೇಕಾದರೆ 62 ವರ್ಷ ಆಗಬೇಕು, ಕಡಿಮೆ ಸಾಕು ಅಂದರೆ 45ರಿಂದ ತಗೊಳ್ಳಬಹುದು. 37ಕ್ಕೆ ನಿವೃತ್ತನಾದವನಿಗೆ ಅದು ತುಂಬ ದೂರದ ಮಾತು.

ಹಾಗಾಗಿ 2003ರಲ್ಲಿ ಕೆರ್ ಚೆನ್ನಾಗಿ ಉಳಿಸಿಕೊಂಡ ಮಧ್ಯಮ ಶ್ರೀಮಂತ, ಅಷ್ಟೆ. ಆದರೆ ನಾಳೆ ಯಾವ ಕೆಲಸ ಸಿಕ್ಕಿದರೂ ಒಪ್ಪಿಕೊಳ್ಳಲೇಬೇಕು ಅನ್ನುವ ಸ್ಥಿತಿಯಲ್ಲಿ ಅವರಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ನಡುವಿನ 11 ವರ್ಷ

ನಿವೃತ್ತಿಯಾದ ಕೂಡಲೇ ಅವರು ಕೋಚಿಂಗ್‌ಗೆ ಹೋಗಲಿಲ್ಲ. ಟಿಎನ್‌ಟಿ ವಾಹಿನಿಯಲ್ಲಿ ಕಾಮೆಂಟರಿಗೆ ಕೂತರು. ಕಾಮೆಂಟರಿ ಅಂದರೆ ಸುಮ್ನೆ ಮಾತಾಡೋದಲ್ಲ. ಪಂದ್ಯದ ಹಿಂದಿನ ದಿನ ಎರಡೂ ತಂಡದ ಕೋಚ್‌ಗಳನ್ನು ಭೇಟಿಯಾಗಬೇಕು, ಪ್ರಾಕ್ಟೀಸ್ ನೋಡಬೇಕು, ಯಾಕೆ ಹೀಗೆ ಆಡಿಸುತ್ತೀರಿ ಅಂತ ಕೇಳಬೇಕು. ಲೀಗ್‌ನ ಎಲ್ಲ ತಂಡಗಳ ಒಳಗಿನ ಕೆಲಸವನ್ನು ಸಂಬಳ ತೆಗೆದುಕೊಂಡು ನೋಡುವ ಅವಕಾಶ ಅದು. ಹಾಗೆ ನೋಡುವುದು ಒಂದು ತಂಡದಲ್ಲಿ ಅಸಿಸ್ಟೆಂಟ್ ಕೋಚ್ ಆದವನಿಗೂ ಸಿಗುವುದಿಲ್ಲ.

2004ರಲ್ಲಿ ರಾಬರ್ಟ್ ಸಾರ್ವರ್ ನೇತೃತ್ವದ ಗುಂಪು ಫೀನಿಕ್ಸ್ ಸನ್ಸ್ ತಂಡವನ್ನು 40.1 ಕೋಟಿ ಡಾಲರ್‌ಗೆ ಕೊಂಡಿತು. ಕೆರ್ ಅದರಲ್ಲಿ ಒಂದು ಸಣ್ಣ ಪಾಲುದಾರ. 2007ರಲ್ಲಿ ಅದೇ ತಂಡದ ಜನರಲ್ ಮ್ಯಾನೇಜರ್ ಆದರು, ಅಂದರೆ ಆಟಗಾರರನ್ನೂ ಕೋಚನ್ನೂ ಆರಿಸುವ ಕೆಲಸ. ಆ ಕೆಲಸ ಸುಖವಾಗಿರಲಿಲ್ಲ. 2008ರ ಫೆಬ್ರವರಿಯಲ್ಲಿ ಶಕೀಲ್ ಓನೀಲ್ ಅವರನ್ನು ತಂದರು. ವೇಗದ ಆಟಕ್ಕೆ ಹೆಸರಾದ ತಂಡಕ್ಕೆ ವಯಸ್ಸಾದ ದೈತ್ಯ ಹೊಂದಲಿಲ್ಲ. ಕೋಚ್ ಮೈಕ್ ಡಿ'ಆಂಟೋನಿ ಬಿಟ್ಟು ಹೋದರು. ಅವರ ಜಾಗಕ್ಕೆ ತಂದ ಟೆರ್ರಿ ಪೋರ್ಟರ್ ಅವರನ್ನು ಅರ್ಧ ಸೀಸನ್‌ನಲ್ಲೇ ಕಳಿಸಬೇಕಾಯಿತು. ಕೊನೆಗೆ ಆಲ್ವಿನ್ ಜೆಂಟ್ರಿ ಬಂದು ತಂಡವನ್ನು ಅದರ ಹಳೆಯ ವೇಗಕ್ಕೆ ತಿರುಗಿಸಿದರು. 2010ರಲ್ಲಿ ತಂಡ ಪಶ್ಚಿಮ ವಿಭಾಗದ ಫೈನಲ್‌ವರೆಗೆ ಹೋಯಿತು. ಅದಾದ ಮೇಲೆ ಕೆರ್ ಆ ಹುದ್ದೆ ಬಿಟ್ಟು ಮತ್ತೆ ಟಿವಿಗೆ ಮರಳಿದರು.

ಈ ಮೂರು ವರ್ಷ ವ್ಯರ್ಥ ಅಂತ ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಕೋಚ್‌ಗೆ ಒಪ್ಪದ ಆಟಗಾರನನ್ನು ಮೇಲಿನಿಂದ ಹೇರಿದರೆ ಏನಾಗುತ್ತೆ ಅನ್ನೋದನ್ನ ಅವರು ಆಫೀಸಿನ ಕಡೆ ಕೂತು ಕಲಿತರು. ಮುಂದೆ ವಾರಿಯರ್ಸ್‌ಗೆ ಹೋದಾಗ ಅವರು ಮೊದಲು ಕರೆದುಕೊಂಡವರಲ್ಲಿ ಒಬ್ಬರು ಇದೇ ಜೆಂಟ್ರಿ. ಫೀನಿಕ್ಸ್‌ನ ದಿನಗಳಿಂದ ಪರಿಚಯವಿದ್ದ ನಿಕ್ ಯುರೆನ್ ಅನ್ನೋ ಹುಡುಗನನ್ನೂ ಕರೆದುಕೊಂಡರು. 2015ರ ಫೈನಲ್‌ನಲ್ಲಿ ವಾರಿಯರ್ಸ್ 1-2 ಹಿಂದಿದ್ದಾಗ, ಎತ್ತರದ ಬೋಗಟ್ ಬದಲು ಇಗುಡಾಲ ಅವರನ್ನು ಮೊದಲಿಂದಲೇ ಇಳಿಸಿ ಅಂತ ಹೇಳಿದ್ದು ಈ ಯುರೆನ್. ಕೆರ್ ಕೇಳಿದರು. ಮುಂದಿನ ಮೂರೂ ಪಂದ್ಯ ಗೆದ್ದರು. ಇಗುಡಾಲ ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ಚಿಕ್ಕ ಹುದ್ದೆಯವನ ಮಾತಿಗೆ ಕಿವಿ ಕೊಡುವ ಗುಣ ಒಂದೇ ದಿನಕ್ಕೆ ಬರಲ್ಲ ಅಲ್ವಾ.

ಕೋಚ್ ಆಗಬೇಕು ಅಂತ ಮನಸ್ಸು ಗಟ್ಟಿಯಾದ ಮೇಲೆ ಅವರು ಬರೆದಿಡಲು ಶುರು ಮಾಡಿದರು. ಯಾವ ಆಟದ ತಂತ್ರ, ಪ್ರಾಕ್ಟೀಸ್ ಹೇಗೆ, ಯಾರು ಅಸಿಸ್ಟೆಂಟ್, ಆಟಗಾರರ ಜೊತೆ ಹೇಗೆ ನಡೆದುಕೊಳ್ಳಬೇಕು ಎಲ್ಲ. ವಾರಿಯರ್ಸ್ ಮಾಲೀಕರ ಮುಂದೆ ಇಂಟರ್‌ವ್ಯೂಗೆ ಕೂತಾಗ ಇದೆಲ್ಲ ಸಿದ್ಧವಾಗಿತ್ತು. ಫಿಲ್ ಜಾಕ್ಸನ್, ಗ್ರೆಗ್ ಪೊಪೊವಿಚ್, ಲೆನ್ನಿ ವಿಲ್ಕೆನ್ಸ್, ಕಾಲೇಜಿನಲ್ಲಿ ಲ್ಯೂಟ್ ಓಲ್ಸನ್. ಇವರೆಲ್ಲರ ಕೈಕೆಳಗೆ ಆಡಿದ ಅನುಭವವನ್ನು ಒಂದು ಕಡೆ ಕೂತು ವಿಂಗಡಿಸಲು ಬಿಡುವು ಬೇಕಾಗಿತ್ತು. ಅದು ಅವರಿಗೆ ಸಿಕ್ಕಿತ್ತು.

2014ರ ಮೇ ತಿಂಗಳ ತೀರ್ಮಾನ

ಆ ಮಾರ್ಚ್‌ನಲ್ಲಿ ಫಿಲ್ ಜಾಕ್ಸನ್ ನಿಕ್ಸ್ ತಂಡದ ಅಧ್ಯಕ್ಷರಾಗಿದ್ದರು. ಚಿಕಾಗೊದಲ್ಲಿ ಕೆರ್‌ಗೆ ಕೋಚ್ ಆಗಿದ್ದವರು ಅವರೇ. ಕೆರ್ ನಿಕ್ಸ್‌ಗೆ ಹೋಗುವುದು ಬಹುತೇಕ ಖಾತ್ರಿ ಅಂತಲೇ ಎಲ್ಲರೂ ತಿಳಿದಿದ್ದರು. ಮೇ 6ರಂದು ವಾರಿಯರ್ಸ್ ತನ್ನ ಕೋಚ್ ಮಾರ್ಕ್ ಜಾಕ್ಸನ್ ಅವರನ್ನು ತೆಗೆದುಹಾಕಿತು. ಎಂಟು ದಿನ ಕಳೆಯುವಷ್ಟರಲ್ಲಿ ಕೆರ್ ವಾರಿಯರ್ಸ್‌ಗೆ ಹೂಂ ಅಂದರು.

ಗುರುವಿಗೆ ಇಲ್ಲ ಅನ್ನೋದು ಸುಲಭವಲ್ಲ. ಆದರೆ ಒಂದು ಕಡೆ ಸ್ಟೆಫ್ ಕರ್ರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಇದ್ದ, ಹಿಂದಿನ ಸೀಸನ್‌ನಲ್ಲಿ 51 ಪಂದ್ಯ ಗೆದ್ದಿದ್ದ ತಂಡ. ಇನ್ನೊಂದು ಕಡೆ ಎಲ್ಲವನ್ನೂ ಮತ್ತೆ ಕಟ್ಟಬೇಕಾದ ತಂಡ. ಸಂಸಾರವೂ ಕ್ಯಾಲಿಫೋರ್ನಿಯಾದಲ್ಲೇ ಇತ್ತು, ಮಗಳು ಬರ್ಕ್ಲಿಯಲ್ಲಿ ಓದುತ್ತಾ ವಾಲಿಬಾಲ್ ಆಡುತ್ತಿದ್ದಳು. ಹೊಟ್ಟೆಪಾಡಿಗೆ ಅವಸರವಿದ್ದವನು ಏಪ್ರಿಲ್‌ನಲ್ಲೇ ಮೊದಲು ಕರೆದವರ ಕಾಗದಕ್ಕೆ ಸಹಿ ಹಾಕುತ್ತಿದ್ದ. ಕೆರ್ ಕಾದರು.

ಈ ತೀರ್ಮಾನಕ್ಕೆ ಅವರು ಕೊಟ್ಟ ಬೆಲೆಯೂ ಇದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಒಂದು ತಂಡದ ಕೋಚ್ ಇನ್ನೊಂದು ತಂಡದ ಪಾಲು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಫೀನಿಕ್ಸ್ ತಂಡದಲ್ಲಿದ್ದ ಸಣ್ಣ ಪಾಲನ್ನು ಮಾರಬೇಕಾಯಿತು. 40.1 ಕೋಟಿಗೆ ಕೊಂಡ ಆ ತಂಡ ಮತ್ತೆ ಕೈಬದಲಾದಾಗ, 2023ರಲ್ಲಿ, ಅದಕ್ಕೆ ಕಟ್ಟಿದ ಬೆಲೆ 400 ಕೋಟಿ ಡಾಲರ್. ಹತ್ತು ಪಟ್ಟು! ಬರೀ ದುಡ್ಡಿನ ಲೆಕ್ಕ ನೋಡುವವನು ಆ ಪಾಲನ್ನು ಬಿಡುತ್ತಿರಲಿಲ್ಲವೇನೋ. ಅಮೆರಿಕದ ಕ್ರೀಡೆಯಲ್ಲಿ ನಿಜವಾದ ಸಂಪತ್ತು ಬೆಳೆಯುವುದು ಮಾಲೀಕರ ಕಡೆ. ಆಟಗಾರ, ಕೋಚ್ ಇಬ್ಬರೂ ಕೊನೆಗೆ ಸಂಬಳಗಾರರು.

ಮೊದಲ ಸೀಸನ್‌ನಲ್ಲಿ 67 ಗೆಲುವು, 15 ಸೋಲು, ಕಪ್. ಎರಡನೆಯದರಲ್ಲಿ 73-9, ಎನ್‌ಬಿಎ ಇತಿಹಾಸದಲ್ಲೇ ಒಂದು ಸೀಸನ್‌ನ ಅತಿ ಹೆಚ್ಚು ಗೆಲುವು. ಆ ಸೀಸನ್‌ನ ಮೊದಲರ್ಧ ಬೆನ್ನಿನ ಆಪರೇಷನ್ನಿನ ತೊಂದರೆಯಿಂದ ಕೆರ್ ಪಂದ್ಯಗಳಲ್ಲಿ ತಂಡ ನಡೆಸಲಾಗಲಿಲ್ಲ. ಅಸಿಸ್ಟೆಂಟ್ ಲ್ಯೂಕ್ ವಾಲ್ಟನ್ ತಂಡ ನಡೆಸಿದರು, 39-4. ನಂತರ 2017, 2018, 2022ರಲ್ಲೂ ಕಪ್.

ಫಿಶರ್ ಕಡೆಯಿಂದ ನೋಡಿದರೆ

ಫಿಶರ್ ಬಗ್ಗೆ ಅನ್ಯಾಯ ಮಾಡಬಾರದು. ಅವರು ಕಡಿಮೆ ಆಟಗಾರರಲ್ಲ, 18 ಸೀಸನ್ ಆಡಿದವರು, ಆಟಗಾರರ ಯೂನಿಯನ್ ಅಧ್ಯಕ್ಷರಾಗಿದ್ದವರು. ಸಂಬಳದಲ್ಲಿ ಕೆರ್‌ಗಿಂತ ಎಷ್ಟೋ ಪಾಲು ಜಾಸ್ತಿ ದುಡಿದವರು. ಅಂದರೆ ಕಾಯುವ ಶಕ್ತಿ ಅವರಿಗೂ ಇತ್ತು. ಆದರೆ 2014ರ ಮೇ ಕೊನೆಯವರೆಗೆ ಒಕ್ಲಹೋಮ ಪರ ಆಡುತ್ತಿದ್ದರು, ಜೂನ್‌ನಲ್ಲಿ ಕೋಚ್. ನಡುವೆ ಕೆಲವೇ ದಿನ. ನಿನ್ನೆ ಜೊತೆಯಲ್ಲಿ ಆಡಿದ ಪೀಳಿಗೆಗೇ ಇವತ್ತು ಕೋಚ್ ಆಗಬೇಕಾದ ಸ್ಥಿತಿ. ಮೇಲೆ ಫಿಲ್ ಜಾಕ್ಸನ್ ಅವರ ಟ್ರೈಆ್ಯಂಗಲ್ ಅನ್ನೋ ದಾಳಿಯ ಪದ್ಧತಿಯಲ್ಲೇ ಆಡಿಸಬೇಕು ಅನ್ನುವ ನಿರೀಕ್ಷೆ. ತಂಡದ ದೊಡ್ಡ ಆಟಗಾರ ಕಾರ್ಮೆಲೊ ಆಂಟನಿ ಸೀಸನ್ ನಡುವೆ ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ. ಮೊದಲ ಸೀಸನ್ 17-65. ಒಟ್ಟು 40 ಗೆಲುವು, 96 ಸೋಲು.

ಕೆರ್ ಆ ತಂಡದಲ್ಲಿದ್ದಿದ್ದರೂ ಬಹಳ ಗೆಲ್ಲುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಆದರೆ ಕೆರ್ ಆ ತಂಡಕ್ಕೆ ಹೋಗಲಿಲ್ಲ ಅನ್ನೋದೇ ವಿಷಯ. ಯಾವ ಕೆಲಸ ಬೇಡ ಅಂತ ಗುರುತಿಸುವುದು ಅವರು ನಡುವಿನ ವರ್ಷಗಳಲ್ಲಿ ಕಲಿತ ವಿದ್ಯೆ.

ಫಿಶರ್ ಅಲ್ಲಿಗೇ ಬಿಡಲಿಲ್ಲ. ಮುಂದೆ ಮಹಿಳೆಯರ ಲೀಗ್‌ನಲ್ಲಿ ಲಾಸ್ ಏಂಜಲೀಸ್ ಸ್ಪಾರ್ಕ್ಸ್ ತಂಡಕ್ಕೆ ಕೋಚ್ ಆದರು. 2023ರಲ್ಲಿ ಲಾಸ್ ಏಂಜಲೀಸ್‌ನ ಒಂದು ಹೈಸ್ಕೂಲ್ ತಂಡಕ್ಕೆ ಕೋಚ್ ಆಗಿ ಹೋದರು. ಎನ್‌ಬಿಎ ನೋಡಿ ಬಂದವರು ಹೈಸ್ಕೂಲ್ ಹುಡುಗರಿಗೆ ಕಲಿಸಲು ಒಪ್ಪಿದರಲ್ಲ, ಅದು ನನಗೆ ತುಂಬ ಇಷ್ಟವಾದ ವಿಷಯ.

ಈಗಿನ ಸಂಪತ್ತು

2024ರ ಫೆಬ್ರವರಿಯಲ್ಲಿ ಕೆರ್ ಒಪ್ಪಂದ 2 ವರ್ಷಕ್ಕೆ ಮುಂದುವರಿಯಿತು. ಮೊತ್ತ 3.5 ಕೋಟಿ ಡಾಲರ್ ಅಂತ ವರದಿಯಾಯಿತು, ಅಂದರೆ ವರ್ಷಕ್ಕೆ 1.75 ಕೋಟಿ. 15 ಸೀಸನ್ ಆಡಿ ಪಡೆದ ಒಟ್ಟು ಸಂಬಳಕ್ಕಿಂತ ಒಂದು ವರ್ಷ ಕೋಚ್ ಆಗಿ ಪಡೆದದ್ದು ಜಾಸ್ತಿ. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಪುರುಷರ ತಂಡದ ಕೋಚ್ ಆಗಿ ಚಿನ್ನ ಗೆದ್ದರು.

ಕೋಚ್‌ಗಳ ಸಂಬಳ ಇಷ್ಟು ಏರಲು ಟಿವಿ ದುಡ್ಡು ಕಾರಣ. 2014ರಲ್ಲಿ ಲೀಗ್ ಮಾಡಿಕೊಂಡ ಪ್ರಸಾರ ಒಪ್ಪಂದ 9 ವರ್ಷಕ್ಕೆ 2,400 ಕೋಟಿ ಡಾಲರ್. 2024ರದ್ದು 11 ವರ್ಷಕ್ಕೆ ಸುಮಾರು 7,600 ಕೋಟಿ. ಆಟಗಾರರ ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಅನ್ನೋ ಮಿತಿ ಇದೆ, ಕೋಚ್ ಸಂಬಳಕ್ಕೆ ಇಲ್ಲ. ಇನ್ನೊಂದು ವಿಷಯ, ಕೋಚ್ ಒಪ್ಪಂದಗಳು ಸಾಮಾನ್ಯವಾಗಿ ಗ್ಯಾರಂಟಿ. ಮಾಂಟಿ ವಿಲಿಯಮ್ಸ್ ಅವರೂ ಮಾಜಿ ಆಟಗಾರರೇ. 2023ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ಅವರಿಗೆ 6 ವರ್ಷಕ್ಕೆ 7.85 ಕೋಟಿ ಡಾಲರ್ ಒಪ್ಪಿಕೊಂಡಿತು. ತಂಡ 14-68 ಆಯಿತು, ಒಂದೇ ಸೀಸನ್‌ಗೆ ತೆಗೆದುಹಾಕಿದರು. ಉಳಿದ ದುಡ್ಡು ಮಾತ್ರ ಕೊಡಲೇಬೇಕು.

ಹಾಗಾದರೆ ಕೆರ್ ಒಟ್ಟು ಆಸ್ತಿ ಎಷ್ಟು? ಗೂಗಲ್ ಮಾಡಿದರೆ ಹತ್ತು ಕಡೆ ಹತ್ತು ಅಂಕಿ ಸಿಗುತ್ತವೆ. ದಯವಿಟ್ಟು ಅವನ್ನು ನಂಬಬೇಡಿ. ಸಂಬಳ ವರದಿಯಾಗುತ್ತದೆ. ಆದರೆ ಕಟ್ಟಿದ ತೆರಿಗೆ, ಖರ್ಚು, ಸಾಲ, ಹೂಡಿಕೆ ಯಾರಿಗೂ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಮೇಲಿನ ಹಂತದ ತೆರಿಗೆಯೇ 13.3%, ಫೆಡರಲ್ 37% ಅದರ ಜೊತೆಗೆ. ಒಪ್ಪಂದದ ಮೊತ್ತವನ್ನೇ ಆಸ್ತಿ ಅಂತ ಬರೆದರೆ ಅದರಲ್ಲಿ ಅರ್ಧ ಸರ್ಕಾರದ್ದು. ನಮ್ಮಲ್ಲೂ ಕ್ರಿಕೆಟಿಗರ ಆಸ್ತಿ ಅಂತ ಬರೋ ಸುದ್ದಿಗಳನ್ನು ಹುಡುಗರು ನನಗೆ ಕಳಿಸುತ್ತಾರೆ. ಅವರಿಗೂ ಇದನ್ನೇ ಹೇಳುತ್ತೇನೆ.

ಬೆಂಗಳೂರಿನ ಅಂಗಳದಲ್ಲಿ

ನಮ್ಮ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಬೇರು ಇದೆ. ಬೀಗಲ್ಸ್, ಯಂಗ್ ಓರಿಯನ್ಸ್‌ನಂಥ ಕ್ಲಬ್‌ಗಳು, ಎಂಇಜಿ, ಎಎಸ್‌ಸಿ ಸೇನಾ ತಂಡಗಳು, ವಿಜಯಾ ಬ್ಯಾಂಕ್ ತಂಡ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಬಿ ಡಿವಿಷನ್ ಗೆದ್ದಿತು. ಎರಡೇ ಪಾಯಿಂಟ್ ಅಂತರದ ಫೈನಲ್, ನಮ್ಮ ಊರಿನಲ್ಲೇ.

ಆದರೆ ಆಡಿ ದುಡಿಯುವ ಲೀಗ್ ಇಲ್ಲಿ ನಿಂತಿಲ್ಲ. 2015ರಲ್ಲಿ ಯುಬಿಎ ಅನ್ನೋ ಖಾಸಗಿ ಲೀಗ್ ಶುರುವಾಯಿತು, ಬೆಂಗಳೂರು ಬೀಸ್ಟ್ ಅಂತ ನಮ್ಮ ತಂಡವೂ ಇತ್ತು. 2017ರ ನಂತರ ಅದು ನಡೆಯಲಿಲ್ಲ. ಅಂತಾರಾಷ್ಟ್ರೀಯ ಪದಕ ಗೆದ್ದವರಿಗೆ ಕೇಂದ್ರ ಸರ್ಕಾರ ಕೊಡುವ ಪಿಂಚಣಿ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ನಂಥ ಕೂಟಗಳ ಪದಕಕ್ಕೆ. ಏಷ್ಯನ್ ಗೇಮ್ಸ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ನಮಗೆ ಪದಕ ಬಂದಿಲ್ಲ, ಹಾಗಾಗಿ ಈ ಆಟದವರಿಗೆ ಆ ಬಾಗಿಲು ಬಹುತೇಕ ಮುಚ್ಚಿದೆ.

ಇಲ್ಲಿ ಆಟಗಾರನಿಗೆ ಆಸ್ತಿ ಮಾಡಿಕೊಟ್ಟದ್ದು ಸ್ಪೋರ್ಟ್ಸ್ ಕೋಟಾದ ಕೆಲಸ. ಬ್ಯಾಂಕ್, ರೈಲ್ವೆ, ಇನ್‌ಕಮ್ ಟ್ಯಾಕ್ಸ್. ತಿಂಗಳ ಸಂಬಳ, ಪಿಎಫ್, ಸಿಬ್ಬಂದಿಗೆ ಕಡಿಮೆ ಬಡ್ಡಿಯ ಹೌಸಿಂಗ್ ಲೋನ್. ಆ ಲೋನ್‌ನಲ್ಲಿ ಕಟ್ಟಿಸಿದ ಮನೆಯೇ ನಮ್ಮ ಎಷ್ಟೋ ಹಿರಿಯ ಆಟಗಾರರ ದೊಡ್ಡ ಸಂಪತ್ತು. 2010ರ ಏಪ್ರಿಲ್‌ಗೆ ಮೊದಲು ಸೇರಿದ ಬ್ಯಾಂಕ್ ನೌಕರರಿಗೆ ಹಳೆಯ ಪಿಂಚಣಿ ವ್ಯವಸ್ಥೆ ಇತ್ತು, ನಂತರದವರಿಗೆ ಎನ್‌ಪಿಎಸ್ ಅನ್ನೋ ಹೊಸ ಪಿಂಚಣಿ ಯೋಜನೆ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ನನಗೆ ಪರಿಚಯದ ಹಿರಿಯ ಆಟಗಾರರು ಅವತ್ತು ಮನೆಯವರನ್ನೇ ಕಳೆದುಕೊಂಡವರ ಹಾಗೆ ಮಾತಾಡಿದರು.

ಕೆರ್‌ಗೆ 1.6 ಕೋಟಿ ಡಾಲರ್ ಮಾಡಿಕೊಟ್ಟ ಕೆಲಸವನ್ನೇ ನಮ್ಮಲ್ಲಿ ಈ ನೌಕರಿ ಮಾಡುತ್ತಿತ್ತು. ಬೆಳಿಗ್ಗೆ ಕೌಂಟರ್, ಸಂಜೆ ಅಂಗಳ. ಫೀಸಿಗೆ ಹೆದರದೆ ಕಲಿಸಬಹುದು. ಹುಡುಗ ಸರಿಯಾಗಿ ಕಾಲಿಡುವವರೆಗೂ ಡ್ರಿಬ್ಲಿಂಗ್ ಮುಂದಕ್ಕೆ ಹೋಗಲ್ಲ ಅಂತ ಹಟ ಹಿಡಿಯಬಹುದು. ಯಾವುದೋ ಪೋಷಕರಿಗೆ ಬೇಜಾರಾದರೆ ಆಗಲಿ ಅನ್ನಬಹುದು.

ಈಗ ನನ್ನ ಹತ್ತಿರ ಬರುವವರಲ್ಲಿ ಕಾಲೇಜು ಮುಗಿಸಿದ ಕೂಡಲೇ ಅಕಾಡೆಮಿ ತೆರೆದವರು ಜಾಸ್ತಿ. ಅವರ ಲೆಕ್ಕ ಸ್ವಲ್ಪ ನೋಡಿ. 60 ಮಕ್ಕಳು, ತಲಾ ತಿಂಗಳಿಗೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1.8 ಲಕ್ಷ, ವರ್ಷಕ್ಕೆ 21.6 ಲಕ್ಷ. ಸೇವೆಗೆ ಜಿಎಸ್‌ಟಿ ಮಿತಿ 20 ಲಕ್ಷ, ಅದು ದಾಟಿತು. ನೋಂದಾಯಿತ ಧರ್ಮಾರ್ಥ ಸಂಸ್ಥೆ ನಡೆಸುವ ಕ್ರೀಡಾ ತರಬೇತಿಗೆ ವಿನಾಯಿತಿ ಇದೆ, ಖಾಸಗಿ ಅಕಾಡೆಮಿಗೆ ಇಲ್ಲ, 18% ಕಟ್ಟಬೇಕು. ಪೋಷಕರ ಹತ್ತಿರ ಹೆಚ್ಚಿಗೆ ಕೇಳುವ ಧೈರ್ಯ ಬರಲ್ಲ. ಆಗ ಪ್ರತಿ 3,000ದಲ್ಲಿ ಸುಮಾರು 458 ರೂಪಾಯಿ ಸರ್ಕಾರಕ್ಕೆ ಹೋಗುತ್ತದೆ. ಅಂಗಳದ ಬಾಡಿಗೆ, ಇಬ್ಬರು ಅಸಿಸ್ಟೆಂಟ್, ಚೆಂಡು, ಲೈಟ್. ಮಾರ್ಚ್‌ನಲ್ಲಿ ಪರೀಕ್ಷೆ ಅಂತ ಮಕ್ಕಳು ಅರ್ಧ ಆಗುತ್ತಾರೆ. ಮಳೆಗಾಲದಲ್ಲಿ ಸಿಮೆಂಟ್ ಅಂಗಳ ಒಣಗುವುದೇ ಇಲ್ಲ. ಸಮ್ಮರ್ ಕ್ಯಾಂಪ್‌ನ ಎರಡು ತಿಂಗಳು ಇಡೀ ವರ್ಷವನ್ನು ಎತ್ತಿ ಹಿಡಿಯಬೇಕು. ಇಷ್ಟು ಒತ್ತಡದಲ್ಲಿ ಕೂತು ಬರೆದಿಡಲು, ಬೇರೆ ಕೋಚ್‌ಗಳ ಪ್ರಾಕ್ಟೀಸ್ ನೋಡಲು ಯಾರಿಗೆ ಬಿಡುವು?

ಈಚೆಗೆ ರಾಜ್ಯಕ್ಕೆ ಆಡಿದ ಹುಡುಗನೊಬ್ಬ ಬಂದಿದ್ದರು. ಬ್ಯಾಂಕ್ ಕೆಲಸದಲ್ಲಿದ್ದಾರೆ. ಆಟ ನಿಲ್ಲಿಸಿದ್ದಾರೆ, ಸಂಜೆ ಮಕ್ಕಳಿಗೆ ಕಲಿಸುತ್ತಾರೆ.

"ಸರ್, ಕೆಲಸ ಬಿಟ್ಟು ಪೂರ್ತಿ ಕೋಚಿಂಗ್‌ಗೇ ಇಳಿದುಬಿಡ್ತೀನಿ. ಫೀಸ್ ಚೆನ್ನಾಗಿ ಬರ್ತಿದೆ," ಅಂದರು.

"ಫೀಸ್ ಯಾರ ಅಕೌಂಟ್‌ಗೆ ಬರ್ತಿದೆ?"

"ಅಮ್ಮನ ಅಕೌಂಟ್‌ಗೆ ಸರ್."

ಇದು ನಾನು ತುಂಬ ನೋಡುವ ವಿಷಯ. ಬ್ಯಾಂಕ್ ನೌಕರ ಅನುಮತಿ ಇಲ್ಲದೆ ಹೊರಗಿನ ಸಂಪಾದನೆ ಮಾಡುವಂತಿಲ್ಲ. ಅದಕ್ಕೆ ತಾಯಿಯ ಕ್ಯೂಆರ್ ಕೋಡ್. ಆದರೆ ದುಡಿದವರು ಯಾರೋ ಆದಾಯ ಅವರದ್ದೇ, ತೆರಿಗೆಯೂ ಅವರದ್ದೇ. ಸಿಕ್ಕಿಬಿದ್ದರೆ ಕೆಲಸಕ್ಕೂ ಕುತ್ತು, ತಾಯಿಗೂ ನೋಟಿಸ್.

"ನೋಡಪ್ಪಾ, ಕೆಲಸ ಬಿಡಬೇಡ. ಮೊದಲು ಬ್ಯಾಂಕಿಗೆ ಅನುಮತಿ ಕೇಳಿ ಕಾಗದ ಕೊಡು. ಪಟಿಯಾಲಾದ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚ್‌ಗಳಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ, ಅದಕ್ಕೆ ರಜೆ ಕೇಳು. ಆಮೇಲೆ ಡಿಪ್ಲೊಮಾ ನೋಡೋಣ," ಅಂದೆ.

"ಅಷ್ಟು ವರ್ಷ ಕಾಯೋದಾ ಸರ್?"

ಕೆರ್ 11 ವರ್ಷದ ಕಥೆ ಆಗ ಹೇಳಿದೆ. ಪೂರ್ತಿ ಕೇಳಿದರು. ಫಿಶರ್ ಹೈಸ್ಕೂಲ್‌ಗೆ ಹೋದ ಭಾಗಕ್ಕೆ ಮಾತ್ರ ನಂಬಲಾರದೆ ಫೋನ್ ತೆಗೆದು ಹುಡುಕಿ ನೋಡಿದರು.

ಅರ್ಜಿಯನ್ನು ಇಬ್ಬರೂ ಕೂತು ಬರೆದೆವು. ಎರಡು ಬೇಡಿಕೆ: ಬ್ಯಾಂಕಿನ ಸಮಯ ಮುಗಿದ ಮೇಲೆ ಫೀಸ್ ತೆಗೆದುಕೊಂಡು ಕಲಿಸಲು ಅನುಮತಿ, ಮತ್ತು ಪಟಿಯಾಲಾ ಕೋರ್ಸ್‌ಗೆ ರಜೆ. ಫೀಸ್ ಇನ್ನು ಮುಂದೆ ಅವರದ್ದೇ ಹೆಸರಿನ ಬೇರೆ ಅಕೌಂಟ್‌ಗೆ, ರಸೀದಿ ಕೊಟ್ಟು. ಅನುಮತಿ ಬರುವವರೆಗೆ ಫೀಸ್ ಇಲ್ಲದೆ ಕಲಿಸುತ್ತೇನೆ ಅಂತ ಅವರೇ ಹೇಳಿದರು. ಬ್ಯಾಂಕುಗಳು ಇಂಥ ಅರ್ಜಿಗೆ ಒಪ್ಪಿಗೆ ಕೊಡಬೇಕು. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಕೊಟ್ಟು 10 ವರ್ಷ ಆಡಿಸಿದ ಸಂಸ್ಥೆಗೆ, ಅದೇ ಹುಡುಗನನ್ನು ಕೋಚ್ ಮಾಡಲು ತಗಲುವ ಖರ್ಚು ಆರು ವಾರದ ರಜೆ, ಅಷ್ಟೇ.